ಹಳದಿ ಬೆಲ್ಟಿನವನು ಪುಸ್ತಕ ಕೇಳಿದ್ದಕ್ಕೆ

ಎಂತ ಓದಬೇಕು ಅಕ್ಕ, ಅಂತ ಕೇಳಿದೆಯಲ್ಲ,
ಬಾ, ಬೆವರು ಆರುವವರೆಗೆ ಇಲ್ಲಿ ಕೂತುಕೋ.
ನೆಲ ತಣ್ಣಗೆ. ಕೆಳಗೆ ಐಸ್ ಪ್ಲಾಂಟು,
ಮಂಜೇಶ್ವರದ ಬಂಗುಡೆಗೆಲ್ಲ ಇಲ್ಲಿಂದಲೇ ಗಡ್ಡೆ ಹೋಗುವುದು.
ಪಾದ ಜೋಮು ಹಿಡಿದರೆ ಹಿಡಿಯಲಿ.
ನಿಲ್ಲುವುದು ಹೇಗೆಂದು ನನಗೆ ಮೊದಲು ಹೇಳಿದ್ದೂ ಆ ಜೋಮೇ.

ಲೈಬ್ರರಿ ಎಂದರೆ ಆ ಗಾಜಿನ ಕಪಾಟಲ್ಲ, ಅದರಲ್ಲಿ ಬರೀ ಕಪ್ಪುಗಳು.
ಕೆಳಗಿನ ಬಿಸ್ಕತ್ತಿನ ಡಬ್ಬ ಎಳೆ.
ಮೂರೇ ಉಂಟು.

ಒಂದಕ್ಕೆ ರಟ್ಟಿಲ್ಲ, ಬರೆದವರ ಹೆಸರೂ ರಟ್ಟಿನೊಡನೆ ಹೋಯಿತು.
ಒಬ್ಬ ಮುದುಕ ನಲವತ್ತು ಫೋಟೋದಲ್ಲಿ
ಒಂದೇ ಮುಷ್ಟಿ ಹಿಡಿಯುತ್ತಾನೆ.
ಬೇಸರ ಬರುತ್ತದೆ. ಬರುವವರೆಗೆ ನೋಡು,
ಬಂದ ಮೇಲೆ ಅವನ ಹೆಬ್ಬೆರಳು ಎಲ್ಲಿದೆ ನೋಡು.

ಇದು ಐತಪ್ಪ ಮಾಸ್ತರರ ಲೆಡ್ಜರು.
ಮೀನುಗಾರರ ಸೊಸೈಟಿಯಲ್ಲಿ ಅವರು ಗುಮಾಸ್ತ, ನಿನಗೆ ಗೊತ್ತಿಲ್ಲವೇನೋ:
ಎಡಬದಿಗೆ ಬೂತಾಯಿ, ಬಂಗುಡೆ, ಕಿಲೋ, ಬಾಕಿ;
ಬಲಬದಿಗೆ ನಮ್ಮ ಹಾಜರಿ.
ಬಲೆ ಬೀಸಬಾರದ ಜೂನಿನಲ್ಲಿ ಎಡ ಖಾಲಿ,
ಬಲ ತುಂಬಿ ತುಳುಕುತ್ತದೆ.
ಆಮೇಲೆ ದೋಣಿ ಇಳಿದಂತೆ ಒಂದೊಂದೇ ಹೆಸರು ಕಡಲಿಗೆ.
ಮಿಸ್ರಿಯಾಳ ಸಾಲು ಹುಡುಕು:
ಒಂದು ಚೌಕದಲ್ಲಿ ‘ಮದುವೆ’ ಎಂದು ಬರೆದಿದೆ,
ಪಕ್ಕದ ಚೌಕದಲ್ಲಿ ಹಾಜರು.

ಮೂರನೆಯದು ಕಟಾದ್ದು. ಮಲಯಾಳ.
ಮೋರೆ ಹುಳಿ ಮಾಡಬೇಡ, ನಾನೂ ಕನ್ನಡ ಮೀಡಿಯಮ್ಮೇ.
ಆ ಅಕ್ಷರದ ಕ್ಯಾಲೆಂಡರನ್ನೂ ಅಪ್ಪ ಗೋಡೆಗೆ ತಾಗಿಸಲಿಲ್ಲ,
ಬಸ್ಸಿನ ಬೋರ್ಡನ್ನು ನಾನು
ಕಂಡಕ್ಟರನ ಬಾಯಿಯಿಂದ ಓದುತ್ತಿದ್ದೆ.
ಆದರೆ ಹನ್ನೆರಡನೆಯ ಹೆಜ್ಜೆಗೆ ತಿರುಗುವುದು ಯಾವ ಕಡೆ
ಎಂಬುದಕ್ಕೆ ಹಟ ಸಾಲದೆ ಹೋಯಿತು.
ಮಿಸ್ರಿಯಾ ಬೆರಳಿಟ್ಟು ಓದಿಸಿದಳು: ಇಡತ್, ವಲತ್.
ನೋಡಿದರೆ ನಮ್ಮ ಎಡ, ನಮ್ಮ ಬಲವೇ,
ಸ್ವಲ್ಪ ಮೊಣಕಾಲು ಬಗ್ಗಿಸಿ ನಿಂತಿವೆ.
ಕಾಲು ಮಾತ್ರ ಅಲ್ಲೂ ಕಾಲೇ.

ಎಂಬತ್ತಮೂರನೆಯ ಪುಟ ಅದರಲ್ಲಿಲ್ಲ.
ಎಂಬತ್ತೆರಡರಲ್ಲಿ ಅವನ ಕೈ ಎತ್ತಿದೆ,
ಎಂಬತ್ತೈದರಲ್ಲಿ ತಲೆ ಬಗ್ಗಿಸಿ ವಂದಿಸುತ್ತಿದ್ದಾನೆ.
ನಡುವೆ ಏನಾಯಿತು?
ಉಪ್ಪಳದವರು ಮೊಣಕೈ ಅನ್ನುತ್ತಾರೆ, ಹೊಸಬೆಟ್ಟಿನವರು ಒದೆತ.
ನಾನು ಒಂದಿಡೀ ಬೇಸಗೆ ರಜೆ
ಆ ಹಾಳೆಯನ್ನು ಮೈಯಿಂದ ಬರೆಯಲು ನೋಡಿದೆ,
ಇಲಿಗೆ ಶಾಪ ಹಾಕುತ್ತ.

ಕಪ್ಪು ಬೆಲ್ಟು ಕಟ್ಟಿದ ಸಂಜೆ ಮಾಸ್ತರರು ಪುಸ್ತಕ ಬಿಡಿಸಿ,
‘ಹೊಲಿಗೆಯ ಹತ್ತಿರ ಅಂಚು ನೋಡು, ಮಗಾ,
ಇಲಿ ಸ್ಕೇಲು ಇಟ್ಟು ತಿನ್ನುತ್ತದಾ?’ ಎಂದರು.
ಆಮೇಲೆ ಕಡಲಿನ ಕಡೆ ತಿರುಗಿ ಹೇಳಿದರು:
ಧಕ್ಕೆಯಲ್ಲಿ ಏಲಂ, ಅರವತ್ತು ರೂಪಾಯಿಯ ತಕರಾರು,
ಗಡ್ಡೆ ಹೊರುವ ಹುಡುಗನೊಬ್ಬ, ಎಂಬತ್ತಮೂರನೆಯ ಪುಟ.
‘ಹೊಡೆದದ್ದು ಯಾರು ಸರ್?’
‘ನನಗೆ ಆಗ ಇಪ್ಪತ್ತನಾಲ್ಕು’ ಎಂದರು.
ಕೆಳಗೆ ಮೋಟರು ನಿಂತಿತು. ನೆಲ ಇನ್ನೂ ನಡುಗುತ್ತಿತ್ತು.

ಗೇಟಿನ ಹತ್ತಿರ ಲಾಟರಿ ಮಾರುವ ಕುಂಞಂಬಣ್ಣನನ್ನು ದಿನಾ ದಾಟುತ್ತೀಯಲ್ಲ?
ಟಿಕೆಟನ್ನು ಅವನು ಹಲ್ಲಿನಲ್ಲಿ ಕಚ್ಚಿ ಹರಿಯುವುದು
ತಮಾಷೆಗೆ ಎಂದು ನೀನೂ ನಗುತ್ತಿದ್ದೆ.
ಮಾಸ್ತರರು ದಿನಕ್ಕೊಂದು ತಕ್ಕೊಳ್ಳುತ್ತಾರೆ,
ಫಲಿತಾಂಶ ಮಾತ್ರ ನೋಡುವುದಿಲ್ಲ.

ಡಬ್ಬ ಮುಚ್ಚು, ಉಪ್ಪುಗಾಳಿಗೆ ಕಾಗದ ಮೆತ್ತಗಾಗುತ್ತದೆ.
ಮುಷ್ಟಿಯದ್ದನ್ನು ಮೊದಲು ಒಯ್ಯಿ, ಸೋಮವಾರ ತಾ.
ಹೋಗುವಾಗ ಟಿಕೆಟು ತಕ್ಕೊಳ್ಳಬೇಡ, ನಿನಗೆ ಪ್ರಾಯ ಆಗಲಿಲ್ಲ.
ಯಾರಾದರೂ ತಕ್ಕೊಳ್ಳಲು ಬಂದರೆ
ಸ್ವಲ್ಪ ನಿಲ್ಲು,
ಹಾಳೆಯ ಇನ್ನೊಂದು ತುದಿ ಹಿಡಿ.